ಕೋಟೆಬಾಗಿಲ ಗೊಂಬೆಯ ಮರೆವು

ಡಂಗುರ ಬಡಿಯಿತು. "ಕೇಳ್ರಪ್ಪೋ ಕೇಳಿ! ರಾಜಕುಮಾರಿಯವರ ಮೂರು ಒಗಟು ಬಿಡಿಸಿದವರಿಗೆ ಮಹಾರಾಜರು ಕೇಳಿದ್ದು ಕೊಡುತ್ತಾರೆ. ತಪ್ಪಿದವರ ತಲೆ ನಾಳೆ ಜವರಯ್ಯನ ತಲೆಯ ಜೊತೆಗೇ ಹೋಗುತ್ತದೆ!"

ಜವರಯ್ಯ ಕೋಟೆಬಾಗಿಲ ಗೊಂಬೆ ಮಾಡಿದವನು. ಗೊಂಬೆಯ ಹೊಟ್ಟೆಯಲ್ಲೊಂದು ಬೋರ್ಡು. ಅದರಲ್ಲಿ ಯೋಚಿಸುವುದಕ್ಕೆ ಪ್ರೊಸೆಸರ್, ಕಲಿತದ್ದನ್ನು ಬರೆದಿಡುವುದಕ್ಕೆ ಫ್ಲ್ಯಾಶ್ ಮೆಮೊರಿ. ಬಂದವರ ಮುಖ ನೋಡಿ, ಹೆಸರು ಹಿಡಿದು ಕರೆದು, ಬಾಗಿಲು ತೆಗೆಯುತ್ತಿತ್ತು. ಮೂರು ದಿನದಿಂದ ಸಂಜೆಯಾದರೆ ಅದಕ್ಕೆ ಮರೆವು. ಮಹಾರಾಣಿಯನ್ನೇ "ನೀವು ಯಾರು?" ಅಂದುಬಿಟ್ಟಿತು. ಶತ್ರುಗಳಿಂದ ಲಂಚ ತಿಂದು ಜವರಯ್ಯನೇ ಕೆಡಿಸಿದ್ದಾನೆಂದು ಅರಸ ಸಿಂಗರಾಯ ಅವನನ್ನು ಸೆರೆಗೆ ತಳ್ಳಿದ. ಸಿಟ್ಟು ಬಂದರೆ ಅರಸರಿಗೆ ಕಿವಿ ಕೇಳಿಸುವುದಿಲ್ಲ, ನೋಡಿ. ಬೋರ್ಡು ಬಿಚ್ಚಿ ನೋಡಿದ್ದ ತನ್ನ ಮಗಳು, ರಾಜಕುಮಾರಿ ಸೋಮಲೆಯ ಮಾತನ್ನೂ ಅವನು ಕೇಳಲಿಲ್ಲ. ಆದರೆ ಒಗಟೆಂದರೆ ಅವನಿಗೆ ಪ್ರಾಣ. ಅದಕ್ಕೇ ಅವಳು ತಾನು ಕಂಡದ್ದನ್ನೆಲ್ಲ ಒಗಟು ಮಾಡಿದಳು. ತಲೆಯ ಷರತ್ತು ಮಾತ್ರ ಅರಸನದು.

ಸಭೆ ಸೇರಿತು. ಸೋಮಲೆ ಕೇಳಿದಳು: "ಸತ್ತರೆ ಕೇಡಿಲ್ಲ, ಬದುಕಿದರೆ ಕೇಡಿಲ್ಲ. ಅರೆಜೀವದಲ್ಲಿದ್ದಾಗ ಮಾತ್ರ ಮನೆ ಹಾಳು ಮಾಡುತ್ತಾನೆ. ಯಾರವನು?"

"ಕುಡುಕ!" ಎಂದ ಮಂತ್ರಿಯ ಮಗ. ಎಲ್ಲರೂ ನಕ್ಕರು. ಕಾವಲುಗಾರರು ಅವನನ್ನು ಎಳೆದೊಯ್ದಾಗ ನಗು ನಿಂತಿತು. "ಗಾಯಗೊಂಡ ಹುಲಿ" ಎಂದ ಆಸ್ಥಾನ ಪಂಡಿತನೂ ಅದೇ ದಾರಿ ಹಿಡಿದ.

ಆಗ ಎದ್ದವಳು ಚಿಕ್ಕತಾಯಿ, ಜವರಯ್ಯನ ಮಗಳು. ಪೇಟೆಬೀದಿಯಲ್ಲಿ ಮಿಕ್ಸಿ, ರೇಡಿಯೊ ರಿಪೇರಿ ಮಾಡುವವಳು.

"ಬುದ್ಧೀ, ಅದು ಗೊಂಬೆ ಪ್ರೊಸೆಸರ್ರು. ಕರೆಂಟು ಪೂರ್ತಿ ಹೋದ್ರೆ ಸುಮ್ನೆ ಬಿದ್ಕೊಳ್ತದೆ. ಅರ್ಧಂಬರ್ಧ ಇದ್ರೆ ತಲೆ ಕೆಟ್ಟು ಫ್ಲ್ಯಾಶ್ ಮೇಲೆ ಏನೇನೋ ಗೀಚ್ತದೆ. ಮೂರು ದಿನದಿಂದ ಸಂಜೆ ನಗಾರಿ ಹೊಡೀತಿದ್ದಂಗೆ ಹತ್ತು ಸಾವಿರ ಹೊಸ ದೀಪ ಒಂದೇ ಸ್ವಿಚ್ಚಲ್ಲಿ ಹಾಕ್ತಾ ಇದೀರಲ್ಲ, ಆಗ ವೋಲ್ಟೇಜು ಕುಸೀತದೆ."

ಅರಸನ ಮುಖ ಕಪ್ಪಿಟ್ಟಿತು. ಆ ಸ್ವಿಚ್ಚು ಒತ್ತುತ್ತಿದ್ದದ್ದು ಅವನ ಕೈಯೇ.

ಸೋಮಲೆ ಎರಡನೆಯದನ್ನು ಕೇಳಿದಳು: "ಹಾಗಾದರೆ, ಮೈಗೆ ಪೂರ್ತಿ ಬಲ ಬರುವ ತನಕ ಅವನ ರಟ್ಟೆ ಹಿಡಿದು ಕೂರಿಸುವವನು ಯಾರು?"

"ರೀಸೆಟ್ ಚಿಪ್ಪು, ಅಮ್ಮಣ್ಣಿ. ವೋಲ್ಟೇಜು ಅಳೀತಾನೇ ಇರ್ತದೆ. ಕಮ್ಮಿ ಆದ ತಕ್ಷಣ ಪ್ರೊಸೆಸರ್‌ನ ಹಿಡಿದು ನಿಲ್ಲಿಸ್ತದೆ. ಸರಿಹೋದ್ಮೇಲೂ ಇನ್ನೊಂಚೂರು ಕಾದು ಬಿಡ್ತದೆ. ನಮ್ಮಪ್ಪ ಅದ್ರ ಬದ್ಲು ಒಂದು ರೆಸಿಸ್ಟರು, ಒಂದು ಕೆಪಾಸಿಟರು ಹಾಕಿ ಸಾಕು ಅಂದ್ಕೊಂಡಿದ್ದ. ಚಣ ಕುಸಿದು ಎದ್ರೆ ಅದಕ್ಕೆ ಗೊತ್ತೇ ಆಗಲ್ಲ. ತಪ್ಪು ನಮ್ಮಪ್ಪಂದೇ ಬುದ್ಧಿ, ಆದ್ರೆ ದ್ರೋಹ ಅಲ್ಲ."

ಸೋಮಲೆ ಮೂರನೆಯದನ್ನು ಮೆಲ್ಲಗೆ ಹೇಳಿದಳು: "ಒಂದೇ ಮನೆಯಲ್ಲಿ ಇಬ್ಬರು. ಮೊದಲನೆಯವನನ್ನು ತಟ್ಟಿ ಎಬ್ಬಿಸಿದರೆ ಅವನು ಎರಡನೆಯವನನ್ನು 'ಮುಂದೇನು?' ಎಂದು ಕೇಳಿದ. ಎರಡನೆಯವನು ಹಳೇ ಕೆಲಸದಲ್ಲೇ ಮುಳುಗಿದ್ದ, ಉತ್ತರವಿಲ್ಲ. ಮನೆ ಸ್ತಬ್ಧ. ತಪ್ಪಿದ್ದೆಲ್ಲಿ?"

ಕಾವಲುಗಾರರು ಹತ್ತಿರ ಬಂದರು. ಚಿಕ್ಕತಾಯಿ ಕಣ್ಣು ಮುಚ್ಚಿ ಅಪ್ಪನ ಬೋರ್ಡಿನ ತಂತಿಗಳನ್ನು ಒಂದೊಂದಾಗಿ ನೆನೆಸಿಕೊಂಡಳು.

"ಎಬ್ಬಿಸಿದ್ದು ಒಬ್ಬನ್ನೇ, ಅಮ್ಮಣ್ಣಿ! ಫ್ಲ್ಯಾಶು ಬರೀತಾ ಇರುವಾಗ ಪ್ರೊಸೆಸರ್ ಒಂದನ್ನೇ ರೀಸೆಟ್ ಮಾಡಿದ್ರೆ, ಫ್ಲ್ಯಾಶು ಬರೆಯೋದ್ರಲ್ಲೇ ಇರ್ತದೆ, ಮುಂದಿನ ಕೆಲಸ ಏನೂಂತ ಓದಕ್ಕೆ ಕೊಡಲ್ಲ. ರೀಸೆಟ್ ತಂತಿ ಇಬ್ಬರಿಗೂ ಹೋಗ್ಬೇಕು."

"ಸರಿ," ಎಂದಳು ಸೋಮಲೆ. ಅವಳ ಕಣ್ಣು ತುಂಬಿತ್ತು.

"ಸರಿಮಾಡು. ಸಂಜೆ ದೀಪ ಹಾಕಿ ನೋಡೋಣ," ಎಂದ ಅರಸ.

ಮಧ್ಯಾಹ್ನವೆಲ್ಲ ಕೂತು ಚಿಕ್ಕತಾಯಿ ರೀಸೆಟ್ ಚಿಪ್ಪು ಬೆಸೆದಳು, ತಂತಿ ಎಳೆದಳು, ಅಪ್ಪ ಎತ್ತಿಟ್ಟಿದ್ದ ಪ್ರತಿಯಿಂದ ಗೊಂಬೆಗೆ ನೆನಪು ತುಂಬಿದಳು. ಸಂಜೆ ಜವರಯ್ಯನನ್ನು ಬೇಡಿ ಸಮೇತ ಬಾಗಿಲ ಹೊರಗೆ ನಿಲ್ಲಿಸಿದರು. ನಗಾರಿ ಮೊಳಗಿತು. ಅರಸ ಸ್ವಿಚ್ಚು ಒತ್ತಿದ. ಹತ್ತು ಸಾವಿರ ದೀಪ ಹೊತ್ತಿಕೊಂಡವು, ಗೊಂಬೆ ಕಣ್ಣು ಮುಚ್ಚಿತು.

ಗೊಂಬೆ ಕಣ್ಣು ಬಿಟ್ಟಿತು. "ಜವರಯ್ಯ, ಒಳಗೆ ಬನ್ನಿ."

ಬಾಗಿಲು ತೆರೆಯಿತು. ಚಿಕ್ಕತಾಯಿ ಅಲ್ಲೇ ಕುಸಿದು ಗೊಳೋ ಎಂದು ಅತ್ತಳು. ಎಂಥ ಹಗುರ ಆ ಅಳು!

"ಏನು ಬೇಕು ಕೇಳು ತಾಯಿ," ಎಂದ ಅರಸ.

"ಅಪ್ಪನ್ನ ಬಿಡಿ, ಬುದ್ಧಿ. ಒಗಟು ತಪ್ಪಿ ಸೆರೆಯೊಳಗಿರೋ ಆ ಇಬ್ರನ್ನೂ ಬಿಡಿ."

ಅರಸನೇ ಹೋಗಿ ಬೇಡಿ ಕಳಚಿದ. ಜವರಯ್ಯ ಒಳಗೆ ಬಂದವನೇ ಮಗಳ ತಲೆ ಸವರಿ ಕೇಳಿದ: "ಫ್ಲ್ಯಾಶ್‌ಗೂ ತಂತಿ ಎಳೆದ್ಯಾ ಮಗಾ?"

"ಎಳೆದಿದೀನಿ ಬಾರಪ್ಪ. ಮೊದ್ಲು ಊಟ ಮಾಡು."