ಬಂಗಾರದ ಅಕ್ಷರದ ಆನೆಮರಿ

“ಗುರುಗಳೇ, ಬರೆದಿಟ್ಟಿರುವುದನ್ನೇ ಬಾಯಲ್ಲಿ ಮತ್ತೆ ಮತ್ತೆ ಹೇಳಬೇಕೇಕೆ? ಮಕ್ಕಳ ಕೈಗೆ ಪುಸ್ತಕ ಕೊಟ್ಟು ನಾನು ಸುಮ್ಮನಿರಬಾರದೇ?”

ಹೀಗೆ ಕೇಳಿದವನು ಅಡವಯ್ಯ. ಗುಡ್ಡದಾಚೆಯ ಶಾಖಾಮಠದಲ್ಲಿ ಮಕ್ಕಳಿಗೆ ಪಾಠ ಹೇಳುವವನು. ಬೆಳಗಿನಿಂದ ನಡೆದು ಬಂದು ಗುರುಗಳ ಮುಂದೆ ಕುಸಿದು ಕುಳಿತಿದ್ದ. ಕಾಲು ನೋಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ, ಹೇಳಿದ್ದನ್ನೇ ಹೇಳಿ ಹೇಳಿ ಮನಸ್ಸು ಸೋತುಹೋಗಿತ್ತು. ಗುರುಗಳು ಒಪ್ಪಿದರೆ ನಾಳೆಯಿಂದಲೇ ಪಾಠ ನಿಲ್ಲಿಸುವುದೆಂದು ನಿಶ್ಚಯಿಸಿಕೊಂಡೇ ಬಂದಿದ್ದ.

ಗುರುಗಳು ನೀರು ಕೊಟ್ಟರು. ಅವನು ಕುಡಿದು ಮುಗಿಸುವವರೆಗೆ ಕಾದು ಹೇಳತೊಡಗಿದರು.

ಒಬ್ಬ ಗಾಣದವನಿದ್ದ. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು. ಸಂಜೆ ಗಾಣ ನಿಲ್ಲಿಸಿ, ಎತ್ತು ಬಿಚ್ಚಿ, ಇನ್ನು ಉರುಳಿಕೊಂಡರೆ ಸಾಕಪ್ಪಾ ಎನ್ನುವ ಹೊತ್ತಿಗೆ ಅವಳು ಪಕ್ಕಕ್ಕೆ ಬಂದು ಕೂರುತ್ತಿದ್ದಳು. ಹಿಂಡು ತಪ್ಪಿದ ಆನೆಮರಿಯ ಕತೆ ಆಗಬೇಕು. ದಿನವೂ ಅದೇ ಕತೆ. ಇವನು ಒಂದು ಮಾತು ಹೇಳಿದರೆ ಅವಳು ಹೂಂ ಅನ್ನಬೇಕು, ಅವಳು ಹೂಂ ಅಂದರೆ ಇವನು ಮುಂದುವರಿಸಬೇಕು. ಎಷ್ಟೋ ಸಲ ಆನೆಮರಿ ಹಿಂಡು ಸೇರುವ ಮೊದಲೇ ಗಾಣದವನ ಗೊರಕೆ ಕೇಳುತ್ತಿತ್ತು. ಪಾಪ, ಅವನದೇನು ತಪ್ಪು? ದಿನವಿಡೀ ಎತ್ತಿನ ಹಿಂದೆ ಸುತ್ತಿದವನು.

ಒಮ್ಮೆ ಪೇಟೆಗೆ ಎಣ್ಣೆ ಹಾಕಲು ಹೋದಾಗ ಅದೇ ಕತೆಯ ಪುಸ್ತಕ ಕಂಡ. ಚರ್ಮದ ರಟ್ಟು, ಬಂಗಾರದ ಅಕ್ಷರ, ಪುಟಪುಟಕ್ಕೂ ಬಣ್ಣದ ಚಿತ್ರ, ಓದಿದಲ್ಲಿಗೆ ಗುರುತಿಡಲು ರೇಷ್ಮೆಯ ದಾರ. ಹಿಂದೆಮುಂದೆ ನೋಡದೆ ಕೊಂಡು ತಂದ. ಮಗಳಿಗೆ ಓದಲು ಬರುತ್ತಿತ್ತು. “ತಗೋ ಮಗಳೇ, ನನಗಿಂತ ಚೆನ್ನಾಗಿ ಹೇಳುತ್ತೆ ಇದು” ಎಂದು ಅವಳ ಮಡಿಲಲ್ಲಿಟ್ಟು, ಅಂದು ಕಣ್ತುಂಬ ನಿದ್ದೆ ಮಾಡಿದ.

ಮಗಳು ಮತ್ತೆ ಕತೆ ಕೇಳಲಿಲ್ಲ. ಗಾಣದವನಿಗೆ ಹಾಯೆನಿಸಿತು. ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಊಟಕ್ಕೆ ಕರೆದರೆ ಅವಳ ಸದ್ದಿಲ್ಲ. ಹುಡುಕುತ್ತ ಕೊಟ್ಟಿಗೆಗೆ ಹೋದ. ಅವಳು ಎತ್ತಿನ ಮುಂದೆ ಕುಳಿತು ಆನೆಮರಿಯ ಕತೆ ಹೇಳುತ್ತಿದ್ದಳು. ಕೈಯಲ್ಲಿ ಪುಸ್ತಕವಿರಲಿಲ್ಲ. ಒಂದು ಮಾತು ಹೇಳಿ ನಿಲ್ಲಿಸುವಳು. ಎತ್ತು ತಲೆಯಾಡಿಸಿ ಕೊರಳ ಗಂಟೆ ಅಲುಗಿದರೆ ಮುಂದಿನ ಮಾತು.

“ಮಲಗಲಿ ಬಿಡೇ ಅದು, ದಿನವೆಲ್ಲ ಗಾಣ ಸುತ್ತಿ ದಣಿದಿದೆ” ಎಂದ.

“ದಣಿದಿದೆ ಅಪ್ಪಾ. ಆದರೂ ಹೂಂ ಅನ್ನುತ್ತೆ” ಎಂದಳು ಮಗಳು.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯನಿಗೆ ಸಮಾಧಾನವಾಗಲಿಲ್ಲ. ಎಲ್ಲರೂ ಮಗುವಿನ ಕಡೆಗೇ ವಾಲುತ್ತಾರೆ, ಆ ಗಾಣದವನ ಮೈಕೈ ನೋವು ಯಾರಿಗೆ ಬೇಕು ಎಂದು ಅವನಿಗೆ ಸಂಕಟವಾಯಿತು.

“ಎತ್ತಿನ ದಣಿವು ಬೇರೆ, ಗುರುಗಳೇ. ಮನುಷ್ಯನ ಮನಸ್ಸೇ ದಣಿದರೆ ಏನು ಮಾಡಬೇಕು, ಅದನ್ನು ಹೇಳಿ” ಎಂದ.

“ಅದನ್ನು ಗ್ರಂಥಗಳಲ್ಲಿ ನನಗಿಂತ ಚೆನ್ನಾಗಿ ಬರೆದಿಟ್ಟಿದ್ದಾರಲ್ಲ ಅಡವಯ್ಯಾ, ನೀನು ಗುಡ್ಡ ಹತ್ತಿಳಿದು ನನ್ನ ಹತ್ತಿರ ಯಾಕೆ ಬಂದೆ?” ಎಂದರು ಗುರುಗಳು.