ಗೋದಲಿಯಲ್ಲಿ ಕಾವಿಗೆ ಕೂತ ಕೋಳಿ

ಬನ್ನಿ ಮಕ್ಕಳಾ, ಕಾಲು ಮಡಚಿ ಕೂತ್ಕೊಳ್ಳಿ. ಬಾಯಲ್ಲಿರೋ ಚಕ್ಕುಲಿ ನುಂಗಿಬಿಟ್ಟು ನನ್ನ ಮಾತು ಕೇಳಿ.

ಕ್ರಿಸ್ಮಸ್‌ಗೆ ನಾಲ್ಕು ವಾರ ಮುಂಚಿನ ಆಗಮನ ಕಾಲ ಶುರುವಾಗಿ ಇನ್ನಾಸಪ್ಪನ ಮನೇಲಿ ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಮನೆ, ಕಟ್ಟಿದರು. ಬಾಲಯೇಸುವಿನ ಹುಲ್ಲಿನ ಬುಟ್ಟಿ ಮಾತ್ರ ಖಾಲಿ. ಯೇಸುವನ್ನು ಮಲಗಿಸೋದು ಕ್ರಿಸ್ಮಸ್ ರಾತ್ರಿ ತಾನೆ? "ಹಬ್ಬದ ಸಾರಿಗೆ ಈ ಕೋಳಿಯೇ ಆಯ್ತು" ಅಂದ ಇನ್ನಾಸಪ್ಪ, ಅಂಗಳದಲ್ಲಿದ್ದ ತನ್ನ ಕೋಳಿ ಕಡೆ ಕೈ ತೋರಿಸಿ. ಕೋಳಿ ಅದನ್ನು ಕೇಳಿಸಿಕೊಂಡು, ಓಡಿಬಂದು ಆ ಬುಟ್ಟಿಯಲ್ಲೇ ಮೊಟ್ಟೆಯಿಟ್ಟು ಕಾವಿಗೆ ಕೂತಿತು.

ಗೋದಲಿಯ ಮಣ್ಣಿನ ಕತ್ತೆಗೆ ಸಿಟ್ಟು ಬಂತು. "ಏಳಮ್ಮ ಮೇಲೆ! ಇದು ಪ್ರಭುವಿನ ಜಾಗ."

"ಪ್ರಭು ಬಂದಾಗ ಏಳ್ತೀನಿ ಕತ್ತೆರಾಯರೇ. ಈಗ ಎದ್ದರೆ ಸಾರಾಗ್ತೀನಿ."

"ವರ್ಷವೆಲ್ಲಾ ಅಟ್ಟದ ಮೇಲೆ ಭಕ್ತಿಯಿಂದ ಕಾದವನು ನಾನು. ನಿನಗಿಲ್ಲಿ ಜಾಗವಿಲ್ಲ!"

"ಹೆರಿಗೆ ಹೊತ್ತಲ್ಲಿ ಮಾತೆ ಮರಿಯಮ್ಮನಿಗೂ ಛತ್ರದವರು ಹೀಗೇ ಅಂದಿದ್ದರಂತೆ. ಅವರು ನಿಮ್ಮ ನೆಂಟರೋ?"



ಹಬ್ಬದ ಹಿಂದಿನ ದಿನ ಇನ್ನಾಸಪ್ಪ ಚಾಕು ಹಿಡಿದು ಬಂದ. ಹೆಂಡತಿ ಲೂರ್ದಮ್ಮ ಅಡ್ಡ ನಿಂತಳು. "ಅಯ್ಯೋ, ಮರಿ ಬರೋ ಹೊತ್ತಲ್ಲಿ ಕಾವಿನ ಕೋಳಿ ಎಬ್ಬಿಸ್ತೀರಾ? ಅದೂ ಗೋದಲಿಯಿಂದ? ಚಾಕು ಇಟ್ಟು ಜಪಕ್ಕೆ ಬನ್ನಿ!"

ಕ್ರಿಸ್ಮಸ್ ರಾತ್ರಿ ಮರಿ ಹೊರಬಂತು. ಕೋಳಿ ಮಾತಿನಂತೆ ಎದ್ದು ಜಾಗ ಬಿಟ್ಟಿತು. ಬಾಲಯೇಸು ಬೆಚ್ಚಗಿನ ಹುಲ್ಲಿನ ಮೇಲೆ ಮಲಗಿದ. ಇನ್ನಾಸಪ್ಪ ಹಬ್ಬದೂಟಕ್ಕೆ ಕುಂಬಳಕಾಯಿ ಸಾರು ಉಂಡ, ಲೂರ್ದಮ್ಮ ಎರಡನೇ ಸಲವೂ ಅದನ್ನೇ ಬಡಿಸಿದಳು. ಕೋಳಿ ಮೊಮ್ಮಕ್ಕಳನ್ನು ಕಂಡು, ಮುದುಕಿಯಾಗಿ ಸತ್ತಿತು. ಕತ್ತೆಯೋ, ಮರಿ ತಲೆಮೇಲೆ ಹಾಕಿದ ಹಿಕ್ಕೆ ಒರೆಸಿಕೊಳ್ಳೋಕೆ ಕೈಯಿಲ್ಲದೆ, ಮರುವರ್ಷದ ತನಕ ಅಟ್ಟದಲ್ಲಿ ಹಾಗೇ ಭಕ್ತಿಯಿಂದ ನಿಂತಿತ್ತು.