ಹನುಮಕ್ಕನ ಚಹಾ ತಟ್ಟೆ

ದಾವಣಗೆರೆಯ ಒಂದು ಬಡಾವಣೆಯ ಹಿರಿಯರ ಸಂಘದಲ್ಲಿ ಚಹಾ ಮಾಡುವ ಹನುಮಕ್ಕನಿಗೆ ಅರವತ್ತೆಂಟು ವರ್ಷ. ಹಿರಿಯರಿಗೆ ಮಿದುಳಿನ ವ್ಯಾಯಾಮ ಕಲಿಸಲು ಬರುತ್ತಿದ್ದ ಪ್ರಭಂಜನ ಮಾಸ್ತರು ನೆನಪಿನ ಪರೀಕ್ಷೆಗೆ ಬನ್ನಿ ಅಂತ ವಾರದಿಂದ ಅವಳ ತಲೆ ತಿನ್ನುತ್ತಿದ್ದರು. ಅಂದು ಅಡುಗೆಮನೆಗೇ ನುಗ್ಗಿದರು.

"ಹತ್ತು ಚಿತ್ರ ತೋರಿಸ್ತೀನಿ, ನೆನಪಿಟ್ಟು ಹೇಳಬೇಕು. ತಪ್ಪಿದರೆ ನಿಮ್ಮನ್ನ ಒಲೆ ಹತ್ತಿರ ಬಿಡಬಾರದು ಅಂತ ಅಧ್ಯಕ್ಷರಿಗೆ ಬರೆದುಕೊಡ್ತೀನಿ!"

ಹನುಮಕ್ಕನಿಗೆ ರೇಗಿಹೋಯಿತು. ಆದರೂ ಮೆತ್ತಗೆ ಅಂದಳು: "ಆಗಲಿ ಸಾರ್, ಚಿತ್ರ ನೋಡ್ತಿರ್ತೀನಿ. ಅಷ್ಟರಲ್ಲಿ ಈ ಹನ್ನೆರಡು ಲೋಟ ನೀವು ಹಂಚಿಬಿಡಿ. ಈ ಮೂರಕ್ಕೆ ಸಕ್ಕರೆ ಇಲ್ಲ, ಸಿದ್ದಪ್ಪಜ್ಜ, ಇಮಾಮಸಾಬರು, ರುದ್ರಕ್ಕನಿಗೆ. ಈ ನಾಲ್ಕು ಅರ್ಧ ಸಕ್ಕರೆ, ಕಿಟಕಿ ಕಡೆ ಕೂತವರಿಗೆ. ಉಳಿದದ್ದು ಶುಂಠಿದು, ಮಿಕ್ಕವರಿಗೆ."

ಮಾಸ್ತರು ಬಾಗಿಲು ದಾಟುವಷ್ಟರಲ್ಲಿ ತಟ್ಟೆ ತಿರುಗಿ ಯಾವ ಲೋಟ ಯಾರದು ಅನ್ನೋದೇ ಕಲಸಿಹೋಯಿತು. ಸಕ್ಕರೆ ಕಾಯಿಲೆಯ ಸಿದ್ದಪ್ಪಜ್ಜ ಒಂದು ಗುಟುಕಿಗೇ ಚೀರಿದರು, "ಏನ್ರೀ ಇದು, ಪಾಯಸ!"

ಹನುಮಕ್ಕ ಗೊಣಗುತ್ತಾ ಹೊಸ ಚಹಾ ಕಾಸಿ ತಂದಳು. ಯಾರನ್ನೂ ಒಂದು ಮಾತು ಕೇಳದೆ ಅವರವರ ಲೋಟ ಅವರವರ ಕೈಗಿಟ್ಟಳು.

ಮಾಸ್ತರ ಮುಖ ಸಣ್ಣಗಾಯಿತು. "ಹನುಮಕ್ಕ, ನಿಜವಾದ ವ್ಯಾಯಾಮ ಇದೇ. ನಾಳೆಯಿಂದ ನಮಗೆಲ್ಲ ನೀವೇ ಕಲಿಸಿ."

ಎದುರಿಗೆ ಎರಡು ಸಲದ್ದೂ ಸೇರಿ ಇಪ್ಪತ್ತನಾಲ್ಕು ಎಂಜಲು ಲೋಟ ಬಿದ್ದಿದ್ದವು. ಹನುಮಕ್ಕ ಹಣೆ ಚಚ್ಚಿಕೊಂಡಳು.

"ನಾಳೆ ಯಾಕೆ ಸಾರ್? ಈ ಪಾಠ ಲೋಟ ತೊಳೆಯೋದರಿಂದಲೇ ಶುರು. ಅಂಗಿ ತೋಳು ಮಡಚಿ, ಬನ್ನಿ!"